ತಿರುಗು ನೆರಿಗೆ

ಸಿಂಗಾಪುರದ ಜುರಾಂಗ್ ವೆಸ್ಟ್‌ನ ಆ ಬ್ಲಾಕಿನಲ್ಲಿ ಕೊರಗಪ್ಪನವರ ಹೆಸರು ಗೊತ್ತಿಲ್ಲದವರಿಗೂ ಅವರ ಮೀಸೆ ಗೊತ್ತಿತ್ತು. ಲಿಫ್ಟಿನ ಬಾಗಿಲು ತೆರೆದರೆ ಮೊದಲು ಮೀಸೆ ಹೊರಗೆ ಬರುತ್ತದೆ, ಕೊರಗಪ್ಪ ಆಮೇಲೆ ಬರುತ್ತಾರೆ ಎಂದು ಕಟ್ಟಡದ ಬುಡದ ತೆರೆದ ವಾಯ್ಡ್ ಡೆಕ್ಕಿನಲ್ಲಿ ಚದುರಂಗ ಆಡುವ ಮುದುಕರು ತಮಾಷೆ ಮಾಡುತ್ತಿದ್ದರು. ಶಿಪ್‌ಯಾರ್ಡಿನಲ್ಲಿ ವೆಲ್ಡರ್ ಆಗಿ ಸೇರಿ, ಫೋರ್‌ಮನ್ ಆಗಿ ರಿಟೈರ್ ಆದವರು. ವೆಲ್ಡಿಂಗಿನ ಕಿಡಿ ಹಾರಿ ಆ ಮೀಸೆ ಎಷ್ಟು ಸಲ ಸುಟ್ಟಿತ್ತೋ, ಅಷ್ಟೂ ಸಲ ಮತ್ತೆ ಬೆಳೆಸಿದ್ದರು. ಅರವತ್ತೆಂಟರಲ್ಲೂ ಅದಕ್ಕೆ ಕಪ್ಪು ಬಣ್ಣ ಹಚ್ಚುವುದು ತಪ್ಪಿರಲಿಲ್ಲ.

ಮರ್ಯಾದಸ್ಥ ಗಂಡಸು ಏನೇನು ಮಾಡಬಾರದು ಎಂಬುದರಲ್ಲಿ ಕೊರಗಪ್ಪನವರಿಗೆ ಇದ್ದ ಪಾಂಡಿತ್ಯ, ಏನೇನು ಮಾಡಬೇಕು ಎಂಬುದರಲ್ಲಿ ಇರಲಿಲ್ಲ. ಹೀಗೆ ಹೇಳಿದರೆ ಅವರಿಗೆ ಸಿಟ್ಟು ಬರಬಹುದು, ಬರಲಿ. ಉಂಡ ತಟ್ಟೆ ಎತ್ತಬಾರದು. ಒಲೆಯ ಹತ್ತಿರ ಸುಳಿಯಬಾರದು. ಹೆಂಡತಿ ಸೀರೆ ಉಡುವ ಹೊತ್ತಿಗೆ ಕೋಣೆಯಿಂದ ಹೊರಗೆ ಹೋಗಿ ಮನೆಯ ಮುಂದಿನ ಬಾಲ್ಕನಿಯಂಥ ಕಾರಿಡಾರಿನಲ್ಲಿ ನಿಲ್ಲಬೇಕು. ಒಮ್ಮೆ ಜುರಾಂಗ್ ಈಸ್ಟ್‌ನ ಮಾಲ್‌ನಲ್ಲಿ ಉಮಾವತಿಯವರು ಟಾಯ್ಲೆಟ್ಟಿಗೆ ಹೋಗುವಾಗ, "ಇದನ್ನು ಸ್ವಲ್ಪ ಹಿಡ್ಕೊಳ್ಳಿ" ಎಂದು ತಮ್ಮ ವ್ಯಾನಿಟಿ ಬ್ಯಾಗನ್ನು ಗಂಡನ ಕೈಗೆ ಕೊಟ್ಟಿದ್ದರು. ಹೆಂಗಸರ ಬ್ಯಾಗು ಹಿಡಿದು ಗಂಡಸು ನಿಲ್ಲುವುದೆಂದರೇನು? ಕೊರಗಪ್ಪನವರು ಅದನ್ನು ಬೆಂಚಿನ ಮೇಲಿಟ್ಟು, ಆ ಬ್ಯಾಗಿಗೂ ತಮಗೂ ಏಳೇಳು ಜನ್ಮದಲ್ಲೂ ಸಂಬಂಧವಿಲ್ಲ ಎಂಬಂತೆ ದೂರ ನಿಂತು ಮೀಸೆ ನೇವರಿಸುತ್ತಿದ್ದರು. ವಾರಸುದಾರರಿಲ್ಲದ ಬ್ಯಾಗು ಕಂಡರೆ ಈ ಊರು ಸುಮ್ಮನಿರುತ್ತದೆಯೇ? ಉಮಾವತಿ ಹೊರಗೆ ಬರುವ ಹೊತ್ತಿಗೆ ಬೆಂಚಿನ ಸುತ್ತ ಸೆಕ್ಯುರಿಟಿಯವರು ಹಗ್ಗ ಕಟ್ಟುತ್ತಿದ್ದರು.

"ಅದು ನನ್ನದು" ಎಂದು ಉಮಾವತಿ ಹೋಗಿ ಬ್ಯಾಗು ತೆಗೆದುಕೊಂಡರು. ಮನೆ ಸೇರುವವರೆಗೆ ಅದನ್ನು ಗಂಡನಿಗೆ ಎಟುಕದ ಕಡೆಯ ಹೆಗಲಿಗೇ ಹಾಕಿಕೊಂಡಿದ್ದರು.

ಆದರೆ ಆ ದಿನವೂ, ಉಳಿದ ಎಲ್ಲ ದಿನಗಳ ಹಾಗೆ, ಅವರು ಉಟ್ಟಿದ್ದ ಸೀರೆ ನೋಡುವ ಹಾಗಿತ್ತು. ಕಿನ್ನಿಗೋಳಿ ಕಡೆಯ ಈ ಹೆಂಗಸು ಸಿಂಗಾಪುರಕ್ಕೆ ಬಂದ ಮೇಲೂ ಸೀರೆ ಬಿಟ್ಟವರಲ್ಲ. ಎಂಆರ್‌ಟಿ ರೈಲಿನ ನೂಕುನುಗ್ಗಲಿನಲ್ಲಿ ಹೋಗಿ ಬಂದರೂ ಒಂದು ನೆರಿಗೆ ಅತ್ತಿತ್ತ ಆಗುತ್ತಿರಲಿಲ್ಲ. ಕನ್ನಡ ಸಂಘದ ಹೆಂಗಸರು, "ಆಂಟಿ, ಅದು ಹೇಗೆ ಹಾಗೇ ನಿಲ್ಲತ್ತೆ? ನಮಗೆ ಹತ್ತು ಪಿನ್ ಹಾಕಿದ್ರೂ ಜಾರತ್ತೆ" ಎಂದು ಕೇಳುವುದಿತ್ತು. ಉಮಾವತಿ ನಕ್ಕು ಬೇರೆ ಮಾತು ತೆಗೆಯುತ್ತಿದ್ದರು.

ಹೋದ ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್, ಕಾಯಬೇಕು ಎಂದರು ಡಾಕ್ಟರು. ಕೈ ಸೊಂಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಯಾರಾದರೂ ತಿಳಿಯದೆ ಎಳೆದರೆ ಜೀವ ಹೋದ ಹಾಗಾಗುತ್ತಿತ್ತು. ಅಡುಗೆಮನೆಯ ಕಿಟಕಿಯ ಹೊರಗೆ ಕೋಲಿನ ಮೇಲೆ ಬಟ್ಟೆ ಒಣಗಿಸುವುದು ನಿಂತಿತು. ಕೊರಗಪ್ಪನವರು ಅದೇ ವಾರ ಹೋಗಿ ಡ್ರೈಯರ್ ತಂದರು. ಕೋಲಿಗೆ ಹೆಂಗಸರ ಬಟ್ಟೆ ಹಾಕುವ ಕೆಲಸ ತಮ್ಮ ತಲೆಗೆ ಬರುವ ಮೊದಲೇ ತಂದರು ಎನ್ನಬೇಕು. ಸೀರೆಗೆ ಮಾತ್ರ ಯಾವ ಮೆಷೀನೂ ಸಿಗಲಿಲ್ಲ. ಉಮಾವತಿ ಮುಂದೆ ಗುಂಡಿಯಿರುವ ಕುರ್ತಾ ಹಾಕತೊಡಗಿದರು. ದೇವಸ್ಥಾನಕ್ಕೆ ಹೋಗುವುದು ಬಿಟ್ಟರು, ಸಂಘದ ಕಾರ್ಯಕ್ರಮ ಬಿಟ್ಟರು. ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟರು.

ಅಷ್ಟರಲ್ಲಿ ಮಗ ಅವಿನ್‌ನ ಮದುವೆ ಗೊತ್ತಾಯಿತು. ಹುಡುಗಿ ಜ್ಯೋತ್ಸ್ನಾ, ಮೈಸೂರಿನವಳು, ಇಲ್ಲೇ ಸಾಫ್ಟ್‌ವೇರಿನಲ್ಲಿದ್ದಾಳೆ. ಅವಳ ತಂದೆ ಪ್ರಕಾಶ, ತಾಯಿ ರೇಣುಕಾ ಸೆರಂಗೂನ್‌ನ ಕಾಂಡೋದಲ್ಲಿರುವವರು. ಅಲ್ಲಿನ ಫಂಕ್ಷನ್ ರೂಮಿನಲ್ಲೇ ಮದುವೆ. ಕೊರಗಪ್ಪನವರ ಮಗಳು ಅಮಿತಾ ಎಲ್ಲ ತಯಾರಿ ತನ್ನ ಮೇಲೆ ಹಾಕಿಕೊಂಡಳು. ಅಮ್ಮನಿಗೆ ಸೀರೆ ಉಡಿಸಲು ಒಬ್ಬ ಬ್ಯೂಟಿಷಿಯನ್‌ಳನ್ನು ಟ್ರಯಲ್‌ಗೆ ಕರೆಸಿದಳು. ಅವಳು ಸೆರಗು ಹಾಕುವ ಭರದಲ್ಲಿ ಉಮಾವತಿಯವರ ಕೈಯನ್ನು ಮೇಲಕ್ಕೆತ್ತಿದ್ದೇ, ಅವರು ಕಿರುಚಿದ್ದು ಪಕ್ಕದ ಮನೆಗೂ ಕೇಳಿತು. ಅಮಿತಾ ತಾನೇ ಮೊಬೈಲಿನಲ್ಲಿ ವಿಡಿಯೋ ನೋಡಿ ಉಡಿಸಿದಳು. ಅದೂ ಆಗಲಿಲ್ಲ.

"ಕೊನೇದು ಸರಿ ಇಲ್ಲ ಮಗಾ. ಹಾಗಲ್ಲ" ಎಂದರು ಉಮಾವತಿ.

"ಮತ್ತೆ ಹೇಗೆ? ಹೇಳಮ್ಮ."

"ಹೇಳ್ಲಿಕ್ಕೆ ಬರೂದಿಲ್ಲ. ಕೈಯಲ್ಲಿ ಬರ್ತದೆ. ಈಗ ಕೈಯೇ ಇಲ್ವಲ್ಲ."

ಅಮಿತಾ ಸೋಲುವವಳಲ್ಲ. ನೆರಿಗೆ, ಸೆರಗು ಎಲ್ಲ ಹೊಲಿದು ಜಿಪ್ ಇಟ್ಟ ರೆಡಿಮೇಡ್ ಸೀರೆ ತಂದಳು. "ಜಸ್ಟ್ ಜಿಪ್ ಎಳೆದ್ರೆ ಆಯ್ತು, ಟೂ ಮಿನಿಟ್ಸ್ ಲಾ" ಎಂದಳು ಸಿಂಗಾಪುರದವರ ಧಾಟಿಯಲ್ಲಿ. ಉಮಾವತಿ ಆ ಜಿಪ್ಪನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಳೆದು ನೋಡಿದರು.

"ಇದು ಸೂಟ್‌ಕೇಸಿಗೆ ಸರಿ. ನಾನು ಕುರ್ತಾ ಹಾಕಿ ಹಿಂದೆ ಕೂತ್ಕೊಳ್ತೇನೆ. ಆರತಿಯನ್ನು ನಿಮ್ಮ ಚಿಕ್ಕಮ್ಮ ಎತ್ತಲಿ."

"ಮಗನ ಮದುವೆಲಿ ಹಿಂದೆ ಕೂತ್ಕೊಳ್ತೀಯಾ?"

"ಮತ್ತೆ ಎಂತ ಮಾಡೂದು?" ಎಂದು ಉಮಾವತಿ ಅಡುಗೆಮನೆಗೆ ಹೋದರು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಕೊರಗಪ್ಪನವರು ಪುಟ ಮಗುಚಿದರು. ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ.

ಯಾಕೆಂದರೆ ಸೀರೆ ಉಡಿಸುವುದು ಕೊರಗಪ್ಪನವರಿಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಏನು, ಕಣ್ಣು ಮುಚ್ಚಿಕೊಂಡು ಗೊತ್ತಿತ್ತು.

ಮೂಡುಬಿದಿರೆಯ ಆಚೆಗಿನ ಊರಿನಲ್ಲಿ ಅವರು ಮೀಸೆ ಮೂಡುವ ಮೊದಲೇ ಯಕ್ಷಗಾನ ಮೇಳ ಸೇರಿದವರು. ಬಡಕಲು ಮೈ, ದೊಡ್ಡ ಕಣ್ಣು, ನಡು ಬಳುಕಿಸಿದರೆ ಹೆಣ್ಣೇ. ಸ್ತ್ರೀವೇಷಕ್ಕೆ ಹಾಕಿದರು. ಕಾಡು ಸೇರಿದ ರಾಣಿಯಾಗಿ ಅವರು ರಂಗಸ್ಥಳಕ್ಕೆ ಬಂದರೆ ಮುಂದಿನ ಸಾಲಿನ ಮುದುಕಿಯರು ಮೂಗು ಒರೆಸಿಕೊಳ್ಳುತ್ತಿದ್ದರು. ಭಾಗವತರ ಪದಕ್ಕೆ ಮದ್ದಳೆ ಮೆಲ್ಲಗೆ ಕೂಡಿಕೊಂಡು, ಗೆಜ್ಜೆ ಕಟ್ಟಿದ ಕಾಲು ತನ್ನಷ್ಟಕ್ಕೆ ನಡೆಯುತ್ತಿದ್ದ ಆ ಹೊತ್ತು! ಆ ಸುಖ ಮತ್ತೆ ಯಾವ ಕೆಲಸದಲ್ಲೂ ಸಿಗಲಿಲ್ಲ. ಸುತ್ತು ಹಾಕಿ ಕುಣಿಯುವಾಗ ಸೀರೆ ಸಡಿಲವಾಗುತ್ತದೆಂದು ಮೇಳದ ಹಿರಿಯ ಸ್ತ್ರೀವೇಷದವರು ಅವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಎಲ್ಲ ನೆರಿಗೆ ಒಂದೇ ಮುಖವಾಗಿ ಹಿಡಿದು, ಕೊನೆಯದನ್ನು ಮಾತ್ರ ಹಿಂದಕ್ಕೆ ತಿರುಗಿಸಿ ಒಳಗೆ ಸಿಕ್ಕಿಸಬೇಕು. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಆದರೆ ಎಷ್ಟು ತಿರುಗಿದರೂ ಸೀರೆ ಜಾರುವುದಿಲ್ಲ. ಮೇಳದವರು ಅದನ್ನು ತಿರುಗು ನೆರಿಗೆ ಎನ್ನುತ್ತಿದ್ದರು. ಆ ಮೇಳದ ಹೊರಗೆ ಅದು ಗೊತ್ತಿದ್ದವರು ಯಾರೂ ಇಲ್ಲ ಎಂದೇ ಕೊರಗಪ್ಪನವರು ತಿಳಿದಿದ್ದರು.

ರಂಗಸ್ಥಳದಲ್ಲಿ ರಾಣಿ, ಹಗಲಿನಲ್ಲಿ ನಗೆಪಾಟಲು. ಬಸ್ಸು ಹತ್ತಿದರೆ, "ರಾಣಿಯಮ್ಮನಿಗೆ ಸೀಟು ಬಿಡಿ" ಎಂದು ಯಾರಾದರೂ ಕೂಗುವುದು. ಸಾರಾಯಿ ಗಡಂಗಿನ ಮುಂದೆ ಹೋದರೆ ಸಿಳ್ಳೆ. ಒಂದು ಮಳೆಗಾಲ ಅಪ್ಪ ಊಟದ ಎದುರೇ ಹೇಳಿದರು: "ಈ ಮನೆಗೆ ಸೊಸೆ ತರುವ ಅಂತಿದ್ದೆ. ಸೊಸೆ ಇಲ್ಲೇ ಕೂತು ಉಣ್ತಾ ಉಂಟು." ಅಣ್ಣಂದಿರು ನಕ್ಕರು. ಕೊರಗಪ್ಪ ಅರ್ಧ ಊಟದಿಂದ ಎದ್ದರು. ಮತ್ತೆ ಗೆಜ್ಜೆ ಕಟ್ಟಲಿಲ್ಲ. ಮಂಗಳೂರಿಗೆ ಹೋಗಿ ವೆಲ್ಡಿಂಗ್ ಕಲಿತರು, ಮೀಸೆ ಬಿಟ್ಟರು, ಸಿಂಗಾಪುರದ ಕೆಲಸ ಹಿಡಿದರು. ಹೆಣ್ಣು ನೋಡಲು ಹೋದಾಗ ಉಮಾವತಿಯ ಸೋದರಮಾವ, "ಮೊದಲು ಎಲ್ಲಿದ್ದದ್ದು?" ಎಂದು ಕೇಳಿದರೆ, "ಬೊಂಬಾಯಿಲಿ, ಹೋಟೆಲಲ್ಲಿ" ಎಂದರು. ಕರಾವಳಿಯ ಯಾವ ಹುಡುಗ ಹಾಗೆ ಹೇಳಿದರೂ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆ ಸುಳ್ಳಿನ ಮೇಲೆ ನಲವತ್ತು ವರ್ಷದ ಸಂಸಾರ ನಡೆದಿತ್ತು. ಈಗ ಹೆಂಡತಿಗೆ ಸೀರೆ ಉಡಿಸಿದರೆ ಒಂದೇ ಗಳಿಗೆಯಲ್ಲಿ ಬಣ್ಣ ಬಯಲು. ಈ ವಯಸ್ಸಿನಲ್ಲಿ, ಬೀಗರ ಎದುರು ಮತ್ತೆ ರಾಣಿಯಮ್ಮ ಆಗಬೇಕೇ?

ಮದುವೆಗೆ ಇನ್ನು ಕೆಲವೇ ದಿನ ಇರುವಾಗ ರಮಿರೋ ಬಂದ.

ರಮಿರೋ ಮೆಕ್ಸಿಕೋದವನು. ಹಿಂದೆ ಯಾರ್ಡಿನಲ್ಲಿ ಅವರ ದೇಶಕ್ಕೆ ಎಣ್ಣೆ ತೆಗೆಯುವ ರಿಗ್ ಕಟ್ಟುತ್ತಿದ್ದಾಗ ಇನ್‌ಸ್ಪೆಕ್ಟರ್ ಆಗಿ ಬಂದು ಇಲ್ಲೇ ಇದ್ದ. ಅವನಿಗೂ ಅಂಥದ್ದೇ ಮೀಸೆ. ಮೊದಲ ದಿನ ಇಬ್ಬರೂ ಒಬ್ಬರ ಮೀಸೆ ಒಬ್ಬರು ನೋಡಿದರು, ಅಲ್ಲಿಗೆ ಸ್ನೇಹ ಕುದುರಿತು. ದಿನದ ಕೆಲಸ ಮುಗಿದ ಮೇಲೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತು ಬಿಯರ್ ಕುಡಿಯುತ್ತ ಗಂಡಸುತನದ ಲೆಕ್ಕ ಒಪ್ಪಿಸುವುದು ಇಬ್ಬರ ನಿತ್ಯದ ಸಂಭ್ರಮ. "ನಮ್ಮಲ್ಲಿ ಗಂಡಸು ಅಳೋದು ತಾಯಿ ಸತ್ತಾಗ ಮಾತ್ರ. ಅದೂ ಕುಡಿದಿದ್ದರೆ" ಎನ್ನುತ್ತಿದ್ದ ರಮಿರೋ. ಇಂಥ ಗಂಡಸಿಗೆ ತಮ್ಮ ಮಾತಿನಲ್ಲಿ ಮಾಚೋ ಎನ್ನುತ್ತಾರೆ ಎಂದು ಹೇಳಿಕೊಟ್ಟವನೂ ಅವನೇ. ಕೊರಗಪ್ಪನವರಿಗೆ ಆ ಶಬ್ದ ಹಿಡಿಸಿ, ಬಹಳ ದಿನ ಅದನ್ನೇ ಹೇಳಿಕೊಂಡು ಓಡಾಡಿದರು.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೊಂದುತ್ತಿರಲಿಲ್ಲ. ರಮಿರೋ ಕುಣಿಯುತ್ತಿದ್ದ. ಯಾರ್ಡಿನ ವರ್ಷದ ಪಾರ್ಟಿಯಲ್ಲಿ ಹೆಂಡತಿ ಎಲೇನಾಳ ಸೊಂಟ ಹಿಡಿದು, ಎಲ್ಲರ ಎದುರು, ಮೀಸೆ ಇಟ್ಟುಕೊಂಡೇ ಕುಣಿದ. "ಬಾರೋ, ಗಂಡಸು ಕುಣಿಯದೆ ಮತ್ತೆ ಯಾರು ಕುಣಿಯಬೇಕು?" ಎಂದು ಕೊರಗಪ್ಪನವರನ್ನೂ ಎಳೆದ. ಅವರು ಕುರ್ಚಿ ಗಟ್ಟಿಯಾಗಿ ಹಿಡಿದು ಕೂತರು. ಆದರೆ ಮೇಜಿನ ಕೆಳಗೆ ಬಲಗಾಲು ತಾಳ ಹಾಕಲು ಶುರುಮಾಡಿತು. ಅದೂ ಪಾರ್ಟಿಯ ಹಾಡಿಗಲ್ಲ, ಎಂದೋ ಬಿಟ್ಟುಬಂದ ಮದ್ದಳೆಗೆ. ಎಡಗಾಲಿನಿಂದ ಅದನ್ನು ಒತ್ತಿ ಹಿಡಿದರು. ಪಕ್ಕದಲ್ಲಿ ಕೂತಿದ್ದ ಉಮಾವತಿ ಕೆಳಗೆ ನೋಡಿ, ಮತ್ತೆ ಮೇಲೆ ನೋಡಿದ್ದರು.

ಈಗ ರಮಿರೋ ಮಗಳನ್ನು ನೋಡಲು ಆಸ್ಟ್ರೇಲಿಯಕ್ಕೆ ಹೊರಟವನು ದಾರಿಯಲ್ಲಿ ಇಳಿದಿದ್ದ. ಎಲೇನಾ ತೀರಿಕೊಂಡು ಎರಡು ವರ್ಷವಾಗಿತ್ತು. ಉಮಾವತಿ ಎಡಗೈಯಲ್ಲೇ ಸೌಟು ಹಿಡಿದು ನೀರುದೋಸೆ, ಕೋಳಿಗಸಿ ಮಾಡಿ ಬಡಿಸಿದರು. ಅವರು ಒಳಗೆ ಹೋದ ಮೇಲೆ ರಮಿರೋ ಕೇಳಿದ, "ನಿನ್ನ ಹೆಂಡತಿ ಸೀರೆ ಉಡೋದು ಬಿಟ್ಟರಾ? ಎಲೇನಾ ಯಾವಾಗಲೂ ಆ ಸೀರೆಯ ಚಂದವನ್ನೇ ಹೇಳ್ತಿದ್ದಳು."

"ಭುಜ ನೋವು. ಕೈ ಎತ್ತಲಿಕ್ಕೆ ಆಗೋದಿಲ್ಲ" ಎಂದರು ಕೊರಗಪ್ಪ.

ರಮಿರೋ ಕೈಯಲ್ಲಿದ್ದ ದೋಸೆಯನ್ನು ಹಾಗೇ ತಟ್ಟೆಗೆ ಇಟ್ಟ. ಇಬ್ಬರ ಇಂಗ್ಲಿಷೂ ಯಾರ್ಡಿನಲ್ಲಿ ಕಲಿತದ್ದು, ಅದರಲ್ಲಿ ಹೇಳಲಾಗದ್ದು ಬಹಳ ಇರುತ್ತದೆ. ಆದರೂ ಹೇಳಿದ.

"ಚಿಕ್ಕವನಿದ್ದಾಗ ಅಕ್ಕಂದಿರನ್ನು ನೋಡಿ ಜಡೆ ಹೆಣೆಯೋದು ಕಲಿತಿದ್ದೆ. ಅಪ್ಪ ಕಂಡು ಬೆಲ್ಟ್ ಬಿಚ್ಚಿದ. ಅವತ್ತಿನಿಂದ ನನಗೆ ಜಡೆ ಬರುತ್ತೆ ಅಂತ ಯಾರಿಗೂ ಹೇಳಲಿಲ್ಲ. ಎಲೇನಾಗೂ ಇಲ್ಲ. ಕಾಯಿಲೆ ಬಂದು ಅವಳಿಗೆ ಕೈ ಎತ್ತಲು ಆಗದ ಹಾಗಾಯ್ತು. ಬೆಳಿಗ್ಗೆ ಅವಳು ಒಂದೇ ಕೈಯಲ್ಲಿ ಕೂದಲ ಜೊತೆ ಗುದ್ದಾಡೋದು ನೋಡ್ತಾ ಬಾಗಿಲಲ್ಲಿ ನಿಂತಿರ್ತಿದ್ದೆ. ನಾಳೆ ಹೆಣೆದುಕೊಡ್ತೀನಿ, ನಾಳೆ ಹೆಣೆದುಕೊಡ್ತೀನಿ ಅಂದುಕೊಂಡೆ. ಕೊನೆಗೆ ಬಾಚಣಿಗೆ ತಗೊಂಡು ಒಳಗೆ ಹೋದೆ. ಅಷ್ಟರಲ್ಲಿ ಔಷಧಿಗೆ ಕೂದಲೇ ಉದುರಿಹೋಗಿತ್ತು."

ಕೊರಗಪ್ಪನವರು ನೀರಿನ ಲೋಟವನ್ನು ಅವನ ಕಡೆಗೆ ಸರಿಸಿದರು.

"ನನ್ನ ಮಗಳು ಕಾಲೇಜಿನಲ್ಲಿ ನಮ್ಮ ಕಡೆಯ ಕಥೆಗಳ ಪಾಠ ಮಾಡ್ತಾಳೆ" ಎಂದ ರಮಿರೋ. "ಆ ಕಥೆಗಳಲ್ಲೆಲ್ಲ ಗಂಡಸು ಕುದುರೆ ಮೇಲೆ ಹೋಗ್ತಾನಂತೆ, ಹೆಂಗಸು ಬಾಗಿಲಲ್ಲಿ ಕಾಯ್ತಾಳಂತೆ. ನಮ್ಮನೇಲಿ ಬಾಗಿಲಲ್ಲಿ ನಿಂತವನು ನಾನು, ಕೊರಗಪ್ಪ."

ಹಾಗೆಂದವನು ಅತ್ತ. ಕುಡಿದಿರಲಿಲ್ಲ, ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಕಣ್ಣೀರು ಇಳಿದು ಮೀಸೆಯಲ್ಲಿ ಸೇರಿಕೊಂಡಿತು, ಅವನು ಒರೆಸಿಕೊಳ್ಳಲೂ ಇಲ್ಲ. ಪಾಯಸದ ಬಟ್ಟಲು ಹಿಡಿದು ಬಂದ ಉಮಾವತಿ ಅದನ್ನು ಕಂಡು ಹಾಗೇ ಒಳಗೆ ತಿರುಗಿದರು. ಕೊರಗಪ್ಪನವರು ಎದ್ದು ಗೆಳೆಯನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ, ಏನು ತೋಚಿತೋ, ಅವನು ಉಂಡ ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟರು. ಉಮಾವತಿ ಗಂಡನ ಮುಖವನ್ನೇ ನೋಡಿದರು.

ರಮಿರೋ ಮರುದಿನವೇ ಮಗಳಲ್ಲಿಗೆ ಹೊರಟುಹೋದ. ಅಷ್ಟಾದರೂ ಕೊರಗಪ್ಪನವರಿಗೆ ಧೈರ್ಯ ಬರಲಿಲ್ಲ ಎಂದರೆ ನಂಬಬೇಕು. ಹೇಳಬೇಕೆಂದು ಬಾಯಿ ತೆರೆಯುವುದು, ಟಿವಿಯ ರಿಮೋಟ್ ಎಲ್ಲಿ ಎಂದು ಕೇಳುವುದು. ಹೀಗೆ ಮಾಡುತ್ತ ಮಾಡುತ್ತ ಮದುವೆಯ ಬೆಳಗ್ಗೆಯೇ ಬಂದುಬಿಟ್ಟಿತು.

ಅಮಿತಾ ಅಮ್ಮನಿಗೆ ರವಿಕೆ ತೊಡಿಸಿ, ಒಂದು ಕೈಯಲ್ಲಿ ಜಿಪ್ಪಿನ ಸೀರೆ, ಇನ್ನೊಂದರಲ್ಲಿ ಕುರ್ತಾ ಹಿಡಿದು, "ಯಾವುದಾದ್ರೂ ಒಂದು ಹಾಕ್ಕೋ ಅಮ್ಮ, ಟ್ಯಾಕ್ಸಿ ಬುಕ್ ಮಾಡ್ಬೇಕು" ಎಂದು ಗೋಗರೆಯುತ್ತಿದ್ದಳು. ಉಮಾವತಿ ಮಂಚದ ತುದಿಯಲ್ಲಿ ಲಂಗದಲ್ಲಿ ಕೂತು, "ಕುರ್ತಾ ಕೊಡು" ಎಂದರು. ಕಾರಿಡಾರಿನಲ್ಲಿ ನಿಂತಿದ್ದ ಕೊರಗಪ್ಪನವರಿಗೆ ಆ ದನಿ ಕೇಳಿತು. ತಾವು ನಿಂತದ್ದು ಬಾಗಿಲಲ್ಲಿ ಎಂಬುದು ಆಗಲೇ ಅವರ ಗಮನಕ್ಕೆ ಬಂತು.

ಒಳಗೆ ಬಂದರು.

"ಅಮಿತಾ, ನೀನು ಹೊರಗೆ ಹೋಗು."

"ಪಪ್ಪಾ, ಟೈಮ್ ಇಲ್ಲ."

"ಹೋಗು ಅಂದೆ. ಆ ಗಿಳಿಹಸಿರು ರೇಷ್ಮೆ ಎಲ್ಲಿ ಉಂಟು, ಕೊಟ್ಟು ಹೋಗು."

ಮಗಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಬೀರುವಿನಿಂದ ಸೀರೆ ತೆಗೆದುಕೊಟ್ಟು ಬಾಗಿಲು ಎಳೆದುಕೊಂಡಳು.

ಕೊರಗಪ್ಪನವರು ಸೀರೆ ಬಿಡಿಸಿದರು. "ನಿಂತ್ಕೋ. ನೀನು ತಿರುಗಬೇಡ, ಕೈ ಎತ್ತಬೇಡ. ನಾನೇ ಸುತ್ತು ಬರ್ತೇನೆ" ಎಂದರು. ಹೆಂಡತಿಯ ಸುತ್ತ ಸೆರಗು ಹಿಡಿದು ಒಂದು ಸುತ್ತು ಬಂದರು. ಬೆರಳಿಗೆ ಎಲ್ಲ ನೆನಪಿತ್ತು. ಎಡಗೈಯಲ್ಲಿ ಅಂಚು ಹಿಡಿದು ಬಲಗೈಯಲ್ಲಿ ನೆರಿಗೆ ಕೂಡಿಸಿದರು. ರೇಷ್ಮೆಯ ಆ ಸರಸರ ಸದ್ದು ಕೇಳಿ ಎಣ್ಣೆಬತ್ತಿಯ, ಬಣ್ಣದ, ವೇಷ ಕಟ್ಟುವ ಚೌಕಿಯ ವಾಸನೆಯೇ ಮೂಗಿಗೆ ಬಂದ ಹಾಗಾಯಿತು. ಆ ಬಡಕಲು ಹುಡುಗ ಎಲ್ಲಿ ಹೋಗಿದ್ದ ಇಷ್ಟು ವರ್ಷ? ಪಾಪದವನು, ಅವನು ಯಾರಿಗೆ ಏನು ಮಾಡಿದ್ದ? ಕೊರಗಪ್ಪನವರು ಕೆಳಗೆ ಕೂತು ಮಂಡಿಯೂರಿ ನೆರಿಗೆಯ ಬುಡ ಸಮ ಮಾಡಿದರು, ಎದ್ದು ಮೇಲೆ ಹಿಡಿದರು. ಕೈ ಅದರಷ್ಟಕ್ಕೆ ಕೊನೆಯ ನೆರಿಗೆಯನ್ನು ಹಿಂದಕ್ಕೆ ತಿರುಗಿಸಿ ಒಳಗೆ ಸಿಕ್ಕಿಸಿತು.

ಮಾಡಿದ ಮೇಲೇ ಅವರಿಗೆ ಹೊಳೆಯಿತು. ಹೋಟೆಲಿನ ಹುಡುಗನಿಗೆ ಇದು ಬರುವುದಿಲ್ಲ.

"ಹಾಂ. ಹಾಗೇ" ಎಂದರು ಉಮಾವತಿ. "ಕೊನೇದು ಹಿಂದಕ್ಕೆ ತಿರುಗಬೇಕು. ಅಮಿತಾಗೆ ಇದನ್ನೇ ಹೇಳ್ಲಿಕ್ಕೆ ನೋಡಿದ್ದು."

ಕೊರಗಪ್ಪನವರು ತಲೆ ಎತ್ತಿದರು. "ನಿನಗೆ ಇದು ಯಾರು ಹೇಳಿಕೊಟ್ಟದ್ದು?"

"ನೀವೇ."

"ನಾನಾ?"

"ನಮ್ಮೂರ ಗದ್ದೆಲಿ ನಿಮ್ಮ ಮೇಳದ ಆಟ ಆದಾಗ ನಾವು ಹುಡುಗಿಯರು ಚೌಕಿಯ ತೆಂಗಿನ ಮಡಲಿನ ಸಂದಿಲಿ ಇಣುಕಿದ್ದು. ರಾಣಿ ಸೀರೆ ಉಡೂದು ನೋಡಿದೆ. ಮನೆಗೆ ಹೋಗಿ ಅಮ್ಮನ ಸೀರೆಲಿ ಹಾಗೇ ಮಾಡಿ ಮಾಡಿ ಕಲ್ತದ್ದು. ಅವತ್ತಿಂದ ಬೇರೆ ತರ ಉಡಲೇ ಇಲ್ಲ."

ಅಂದರೆ ಇಷ್ಟು ವರ್ಷ ಅವರು ಕಾರಿಡಾರಿನಲ್ಲಿ ಬೆನ್ನು ಹಾಕಿ ನಿಂತಿದ್ದಾಗ, ಒಳಗೆ ಈಕೆ ಉಡುತ್ತಿದ್ದದ್ದು ಅವರದೇ ಸೀರೆ.

"ಗೊತ್ತಿದ್ದೂ ಮದುವೆಗೆ ಒಪ್ಪಿದೆಯಾ?" ಎಂದು ಕೇಳಿದರು ಕೊರಗಪ್ಪ.

"ಮತ್ತೆಂತ, ನಿಮ್ಮ ಮೀಸೆ ನೋಡಿ ಒಪ್ಪಿದ್ದು ಅಂತ ಮಾಡಿದ್ರಾ?" ಉಮಾವತಿ ನಕ್ಕರು. "ಆ ರಾಣಿ ಅಷ್ಟು ಚಂದ ಅತ್ತಿದ್ದು ನೋಡಿದ್ದೆ. ನೀವು ಹೆಣ್ಣು ನೋಡ್ಲಿಕ್ಕೆ ಬಂದಾಗ ಕಣ್ಣಲ್ಲೇ ಗುರ್ತ ಸಿಕ್ಕಿತು. ಇವರಿಗೆ ಹೆಂಗಸರ ದುಃಖ ಗೊತ್ತಿರ್ತದೆ ಅಂದ್ಕೊಂಡೆ. ನೀವು ನೋಡಿದ್ರೆ ಬೊಂಬಾಯಿ ಅಂದ್ರಿ."

"ಹೇಳಬಹುದಿತ್ತಲ್ಲ ನೀನು."

"ನೀವಾಗಿ ಹೇಳ್ತೀರಿ ಅಂತ ಕಾದೆ."

ಕೊರಗಪ್ಪನವರು ಅತ್ತರು. ರಮಿರೋನ ಹಾಗೇ, ಒರೆಸಿಕೊಳ್ಳದೆ ಅತ್ತರು. ಉಮಾವತಿ ಎಡಗೈಯಿಂದ ಅವರ ಮೀಸೆ ಒರೆಸಿದರು. ಹೊರಗಿನಿಂದ ಅಮಿತಾ, "ಪಪ್ಪಾ, ಟ್ಯಾಕ್ಸಿ ಬಂತು" ಎಂದು ಕೂಗಿದಳು.

ಸೆರಂಗೂನ್‌ನ ಫಂಕ್ಷನ್ ರೂಮಿನ ಬಾಗಿಲಲ್ಲೇ ಬೀಗಿತ್ತಿ ರೇಣುಕಾ ಉಮಾವತಿಯವರನ್ನು ಕಂಡು ಕಣ್ಣರಳಿಸಿದರು. "ಅಬ್ಬಾ, ಎಷ್ಟು ನೀಟಾಗಿ ಉಟ್ಟಿದೀರಿ. ಕೈ ಎತ್ತಕ್ಕಾಗಲ್ಲ ಅಂತಿದ್ಲು ಅಮಿತಾ. ಯಾವ ಪಾರ್ಲರ್‌ನಿಂದ ಕರೆಸಿದ್ರಿ?"

ಸುತ್ತ ಬೀಗರ ಕಡೆಯವರು, ಸಂಘದವರು, ಯಾರ್ಡಿನ ಹಳೆಯ ವೆಲ್ಡರುಗಳು ಎಲ್ಲ ನಿಂತಿದ್ದರು. ಉಮಾವತಿ ಗಂಡನ ಕಡೆಗೆ ನೋಡಲಿಲ್ಲ. ಬೇಕಾದರೆ ಇನ್ನೊಂದು ಬೊಂಬಾಯಿ ಹೇಳಲಿ ಎಂದು ಸುಮ್ಮನೆ ನಿಂತರು.

"ಪಾರ್ಲರ್ ಅಲ್ಲ" ಎಂದರು ಕೊರಗಪ್ಪ. "ನಾನು ಉಡಿಸಿದ್ದು. ಊರಲ್ಲಿ ಮೇಳದಲ್ಲಿದ್ದೆ. ಸ್ತ್ರೀವೇಷ ಮಾಡ್ತಿದ್ದೆ."

ಹಳೆಯ ವೆಲ್ಡರೊಬ್ಬ ಕೆಮ್ಮಿದ. ಯಾರೋ ಹಿಂದೆ ನಕ್ಕದ್ದು ಕೊರಗಪ್ಪನವರಿಗೆ ಕೇಳಿತು. ಆ ನಗು ಅವರಿಗೆ ಹಳೆಯ ಪರಿಚಯ. ಈ ಸಲ ಎದ್ದು ಹೋಗಲಿಲ್ಲ. ರೇಣುಕಾ, "ಹಾಗಾದ್ರೆ ಬೀಗರೇ, ಸಂಜೆ ರಿಸೆಪ್ಷನ್‌ಗೆ ನಂಗೂ ಸ್ವಲ್ಪ ಹೇಳ್ಕೊಡಿ" ಎಂದು ಒಳಗೆ ಕರೆದುಕೊಂಡು ಹೋದರು.

ಉಮಾವತಿ ಮುಂದಿನ ಸಾಲಿನಲ್ಲೇ ಕೂತರು. ಆರತಿ ಎತ್ತುವ ಹೊತ್ತು ಬಂದಾಗ ಎದ್ದು, ಹೆಗಲಲ್ಲಿದ್ದ ವ್ಯಾನಿಟಿ ಬ್ಯಾಗು ತೆಗೆದು, ಎಲ್ಲಿಡುವುದೆಂದು ಸುತ್ತ ನೋಡಿದರು. ಕೊರಗಪ್ಪನವರು ಕೈ ಚಾಚಿದರು. ಬ್ಯಾಗು ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ಎಡಗೈ ಆಸರೆಯಲ್ಲಿ ಸೊಂಟದ ಮಟ್ಟಕ್ಕೇ ತಟ್ಟೆ ಹಿಡಿದು ಉಮಾವತಿ ಮಗ ಸೊಸೆಗೆ ಆರತಿ ಎತ್ತಿದರು.

ಆಮೇಲೆ ಫೋಟೋದವನು ಎಲ್ಲರನ್ನೂ ನಿಲ್ಲಿಸಿ, "ಅಂಕಲ್, ಆ ಬ್ಯಾಗ್ ಸ್ವಲ್ಪ ಕೆಳಗಿಡಿ" ಎಂದ.

"ಕೆಳಗಿಟ್ಟರೆ ಸೆಕ್ಯುರಿಟಿಯವರು ಬರ್ತಾರೆ ಮಾರಾಯ. ಇರಲಿ" ಎಂದರು ಕೊರಗಪ್ಪ. ಉಮಾವತಿ ನಗು ತಡೆಯಲಾಗದೆ ಅವರ ತೋಳು ಹಿಡಿದುಕೊಂಡ ಹೊತ್ತಿಗೇ ಅವನು ಫೋಟೋ ತೆಗೆದ. ಜುರಾಂಗ್ ವೆಸ್ಟ್‌ನ ಮನೆಯ ಹಾಲ್‌ನಲ್ಲಿ ಈಗ ಅದೇ ಫೋಟೋ ಇದೆ.